ಜೋಡಿ ಪರದೆ

"ಇದನ್ನ ಹಾಕ್ಕೊಂಡ್ರೆ ನಿನ್ನ ನಕ್ಷೆಯ ಆಲಿವ್ ಮರಗಳು ಪರದೆ ಮೇಲೇ ಕಾಯಿ ಬಿಡ್ತವೆ ನೋಡು," ಎಂದು ಮಾಂಥೋಸ್ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯನ್ನು ತನ್ನ ಅಂಗಡಿಯ ಕೌಂಟರಿನ ಮೇಲೆ ನೆಟ್ಟಗೆ ನಿಲ್ಲಿಸಿದ. ಪೆಟ್ಟಿಗೆಯ ಮೇಲೆ ಬೆಂಕಿಯುಗುಳುವ ಯಾವುದೋ ಪ್ರಾಣಿಯ ಚಿತ್ರವಿತ್ತು.

"ಅದು ಆಟ ಆಡೋ ಹುಡುಗರಿಗೆ. ನನಗೆ ಬೇಡ," ಎಂದ ಸ್ತಾಥಿಸ್.

"ಹುಡುಗರಿಗೆ ಬೇಕಾಗಿರೋ ವೇಗ ನಿಂಗೆ ಬೇಡ್ವಾ? ಅಷ್ಟು ವಯಸ್ಸಾಯ್ತಾ?"

"ನಮ್ಮ ತಂತ್ರಾಂಶ ಕಾರ್ಡನ್ನ ಮುಟ್ಟೋದೇ ಕಡಿಮೆ ಮಾರಾಯ. ಪ್ರೊಸೆಸರ್‌ನಲ್ಲಿ ಒಂದೇ ಒಂದು ಕೋರ್ ಹಿಡ್ಕೊಂಡು ದುಡಿಸುತ್ತೆ. ನೀನು ಹದಿನಾರು ಕೊಟ್ರೆ ಉಳಿದ ಹದಿನೈದೂ ಕಾಫಿ ಕುಡೀತಾ ಕೂತಿರ್ತವೆ. ಕಡಿಮೆ ಇರಲಿ, ಇರೋದು ಚುರುಕಾಗಿರಲಿ."

"ನಮ್ಮ ಪುರಸಭೆ ಥರ ಅನ್ನು," ಎಂದು ಮಾಂಥೋಸ್ ನಕ್ಕು ಪೆಟ್ಟಿಗೆಯನ್ನು ಹಿಂದಕ್ಕಿಟ್ಟ.

ಸ್ತಾಥಿಸ್ ಜೇಬಿನಿಂದ ಪಟ್ಟಿ ತೆಗೆದ. ಅದನ್ನು ಅವನು ಮೂರು ಸಲ ಬರೆದು ಮೂರು ಸಲ ಹರಿದಿದ್ದ. ಮೆಮೊರಿ ಅರವತ್ನಾಲ್ಕು, ಬೇಕಾದರೆ ಮುಂದೆ ಹೆಚ್ಚಿಸಲು ಎರಡು ಜಾಗ ಖಾಲಿ. ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳನ್ನು ತೆರೆಯಲು ವೇಗದ ಡಿಸ್ಕ್ ಒಂದು. ಸಂಗ್ರಹಕ್ಕೆ ನಿಧಾನದ್ದೇ ಆದರೂ ದೊಡ್ಡವು ಎರಡು, ಒಂದು ಸತ್ತರೆ ಇನ್ನೊಂದರಲ್ಲಿ ಎಲ್ಲವೂ ಉಳಿಯುವಂತೆ. ಬೆಟ್ಟದ ಕಡೆಯಿಂದ ಗಾಳಿ ಎದ್ದ ದಿನ ಕರೆಂಟು ಹೋಗುತ್ತದೆ, ಅದಕ್ಕೊಂದು ಯುಪಿಎಸ್. ಕೊನೆಯ ಸಾಲು: ಇಪ್ಪತ್ತೇಳು ಅಂಗುಲದ ಸಾಧಾರಣ ಮಾನಿಟರ್, ಎರಡು.

ಮಾಂಥೋಸ್ ಕೊನೆಯ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟ. "ಸಾಧಾರಣದ್ದಾ? ನಿನ್ನ ಹಳೇದರಲ್ಲಿ ಮೇಲೊಂದು ಕೆಳಗೊಂದು ಪರದೆ, ನಡುವೆ ಓರೆಯಾಗಿ ಕನ್ನಡಿ ಇತ್ತಲ್ಲ. ಬಾಯಿ ತೆರೆದ ಮೊಸಳೆ ಇದ್ದ ಹಾಗೆ. ಆ ಜೋಡಿ ಪರದೆ ಬೇಡ್ವಾ?"

"ಬೇಡ."

"ಲಾರಿಸಾದಲ್ಲಿ ಒಂದು ಬಿದ್ದಿದೆ ಕಣೋ. ಯಾರೋ ತರಿಸಿ ತಗೊಳ್ಳದೆ ಬಿಟ್ಟದ್ದು. ಜೊತೆಗೆ ಸರಿಯಾದ ಕಾರ್ಡೂ ಸಿಗುತ್ತೆ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಕಳ್ಸೋದು. ಕೇಳಿ ನೋಡ್ಲಾ?"

"ಈಗ ಅದನ್ನ ಯಾರೂ ಬಳಸಲ್ಲ ಮಾಂಥೋಸ್."

ಮಾಂಥೋಸ್ ತಲೆಯೆತ್ತಿ ಅವನನ್ನು ನೋಡಿದ. ಹನ್ನೆರಡು ವರ್ಷದ ಹಿಂದೆ ಇದೇ ಕೌಂಟರಿನ ಮುಂದೆ ನಿಂತು, ಜೋಡಿ ಪರದೆಯಿಲ್ಲದೆ ನಕ್ಷೆ ಮಾಡುವವನು ಕೈಗವುಸು ಹಾಕಿಕೊಂಡು ನಾಡಿ ನೋಡುವ ವೈದ್ಯನಿದ್ದಂತೆ ಎಂದು ಒಂದು ಗಂಟೆ ವಾದಿಸಿದವನು ಈ ಸ್ತಾಥಿಸನೇ. ಆದರೆ ಮಾಂಥೋಸ್ ಅದನ್ನು ನೆನಪಿಸಲಿಲ್ಲ. "ಗುರುವಾರ ಅಂತಿಮ ಪಟ್ಟಿ ಕೊಡು," ಎಂದಷ್ಟೇ ಹೇಳಿ ಅಂಗಡಿಯ ಬಾಗಿಲು ಎಳೆದುಕೊಂಡ. ಇಬ್ಬರೂ ಬೀದಿ ದಾಟಿ ಎಂದಿನ ಸಿಪುರೊ ಸಾರಾಯಿ ಅಂಗಡಿಯಲ್ಲಿ ಕೂತರು. ಹುರಿದ ಸಣ್ಣ ಮೀನಿನ ತಟ್ಟೆ ಬಂತು. ಸ್ತಾಥಿಸ್ ಬಾಟಲಿಯ ಕುತ್ತಿಗೆಯನ್ನು ಲೋಟದ ಅಂಚಿಗೆ ಮೆಲ್ಲಗೆ ತಾಗಿಸಿ, ತಾಗಿದ್ದು ಖಚಿತವಾದ ಮೇಲೆ ಸುರಿದ. ಫೆಬ್ರುವರಿಯಲ್ಲಿ ಎರಡು ಸಲ ಮೇಜಿನ ಮೇಲೆ ಸುರಿದ ಬಳಿಕ ಕಲಿತದ್ದು.

*

ಸ್ತಾಥಿಸನ ಕಚೇರಿ ವೋಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲೆ. ಸರ್ಕಾರದ ಅರಣ್ಯ ನಕ್ಷೆಯ ವಿರುದ್ಧ ಜನ ಕೊಟ್ಟ ತಕರಾರುಗಳನ್ನು ಒಂದೊಂದಾಗಿ ನೋಡಿ, ಅವನ್ನು ತೀರ್ಮಾನಿಸುವ ಸಮಿತಿಗೆ ವರದಿ ಬರೆಯುವುದು ಆ ಕಚೇರಿಯ ಗುತ್ತಿಗೆ ಕೆಲಸ. ಇಲ್ಲಿ ನೆಲದ ಜಾತಕವೆಲ್ಲ ನಲವತ್ತೈದನೇ ಇಸವಿಯಲ್ಲಿದೆ. ಆ ಬೇಸಿಗೆಯಲ್ಲಿ ವಿಮಾನದಿಂದ ತೆಗೆದ ಕಪ್ಪುಬಿಳುಪು ಚಿತ್ರದಲ್ಲಿ ಕಾಡಾಗಿ ಕಂಡದ್ದು ಇಂದಿಗೂ ಕಾಡು, ಹೊಲವಾಗಿ ಕಂಡದ್ದು ಹೊಲ. ಕಾಡಾದರೆ ಅದು ಸರ್ಕಾರದ್ದು. ಅಲ್ಲಿ ಗೋಡೆ ಕಟ್ಟುವಂತಿಲ್ಲ, ಗಿಡ ಕಡಿಯುವಂತಿಲ್ಲ, ಮಕ್ಕಳಿಗೆ ಬರೆದುಕೊಡುವಂತಿಲ್ಲ.

ಬಿಡಿ ಚಿತ್ರವೊಂದರಲ್ಲಿ ಕಾಣುವುದು ಬೂದುಬಣ್ಣದ ಕಲೆಗಳು ಮಾತ್ರ. ವಿಮಾನ ಒಂದಿಷ್ಟು ಮುಂದೆ ಹೋಗಿ ತೆಗೆದ ಎರಡನೆಯ ಚಿತ್ರವನ್ನು ಬಲಗಣ್ಣಿಗೂ ಮೊದಲನೆಯದನ್ನು ಎಡಗಣ್ಣಿಗೂ ತೋರಿಸಿದರೆ ಕಲೆಗಳು ಎದ್ದು ನಿಲ್ಲುತ್ತವೆ. ಗುಡ್ಡ ಗುಡ್ಡವಾಗುತ್ತದೆ, ಮರ ಮರವಾಗುತ್ತದೆ. ಮೂವತ್ತು ವರ್ಷ ಸ್ತಾಥಿಸ್ ಮಾಡಿದ್ದು ಇದನ್ನೇ. ಅವನು "ಪೊದೆ" ಎಂದರೆ ಪೊದೆ, "ಹೊಲ" ಎಂದರೆ ಹೊಲ. ಅವನ ಸಹಿಯಿದ್ದ ವರದಿಯನ್ನು ಸಮಿತಿ ಎರಡನೇ ಸಲ ತಿರುಗಿಸಿ ನೋಡುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಬಲಗಣ್ಣಿನ ನಟ್ಟನಡುವೆ ಯಾರೋ ಎಣ್ಣೆ ಬೆರಳು ಒತ್ತಿದಂಥ ಮಸುಕು ಕಂಡಿತು. ರಕ್ತನಾಳ ಕಟ್ಟಿಕೊಂಡಿದೆ ಎಂದರು ವೈದ್ಯರು. ಕಣ್ಣಿಗೇ ಮೂರು ಸೂಜಿ ಚುಚ್ಚಿದರು. ಅಂಚು ಉಳಿಯಿತು, ನಡು ಬರಲಿಲ್ಲ. "ಇನ್ನೊಂದು ಕಣ್ಣು ಚೆನ್ನಾಗಿದೆ, ಓದಬಹುದು, ಕಾರು ಓಡಿಸಬಹುದು, ಏನೂ ತೊಂದರೆಯಿಲ್ಲ," ಎಂದು ಹೇಳಿದ ವೈದ್ಯರು ಅವನ ಕೆಲಸ ಏನೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೆಂಡತಿಗೆ ಗೊತ್ತಿತ್ತು, ಕಚೇರಿಯವರಿಗೂ ಹೇಳಿದ್ದಾನೆಂದು ಅವಳು ತಿಳಿದುಕೊಂಡಿದ್ದಳು.

ಅವನು ದಿನಾ, ಒಂದೊಂದು ಕಣ್ಣಿಗೆ ಒಂದೊಂದೇ ಚಿತ್ರವನ್ನು ಬಿಡುವ ಕನ್ನಡಕ ಹಾಕಿಕೊಂಡು ಜೋಡಿ ಪರದೆಯ ಮುಂದೆ ಕೂತ. ಏನೂ ಏಳಲಿಲ್ಲ. ನೆರಳಿನ ಉದ್ದ, ಕಲೆಯ ಒರಟುತನ, ಕಾಲುದಾರಿಯ ತಿರುವು, ಇವುಗಳಿಂದ ಊಹಿಸಿದ. ಊಹೆ ಬಹಳ ಸಲ ಸರಿಯಿರುತ್ತಿತ್ತು, ಮೂವತ್ತು ವರ್ಷ ಸುಮ್ಮನೆ ಹೋಗುವುದಿಲ್ಲ. ಆದರೆ ಊಹೆಯೆಂದು ಅವನೊಬ್ಬನಿಗೆ ಗೊತ್ತಿತ್ತು.

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅವನು ಊಟ ಮುಗಿಸಿ ಬಂದಾಗ ಫೋತಿನಿ ಅವನ ಕುರ್ಚಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದಳು. ಫೋತಿನಿ ಆರು ವರ್ಷದಿಂದ ಅವನ ಪಕ್ಕದ ಮೇಜಿನವಳು, ಗಡಿ ಗೆರೆಗಳನ್ನು ಜೋಡಿಸುವ ಕೆಲಸ ಅವಳದು.

"ಕೀರ್ ಸ್ತಾಥಿ," ಎಂದಳು, ಎಂದಿನ ಗೌರವದ ಮಾತಿನಲ್ಲೇ. "ಎಡಚಿತ್ರ ಬಲಕ್ಕೆ, ಬಲದ್ದು ಎಡಕ್ಕೆ ಬಂದುಬಿಟ್ಟಿದೆ. ಹಳ್ಳ ಗೋಡೆ ಥರ ಎದ್ದು ನಿಂತಿದೆ, ಮರಗಳೆಲ್ಲ ಗುಂಡಿ. ಯಾವಾಗಿಂದ ಹೀಗಿದೆ?"

ಅವನು ಪರದೆಯ ಕಡೆಗೆ ಬಾಗಿದ. "ಬೆಳಿಗ್ಗೆ ಕಾರ್ಡಿಗೆ ಹೊಸ ಡ್ರೈವರ್ ಹಾಕ್ದೆ. ಸರಿ ಮಾಡೋದು ಮರೆತೆ."

ಅವಳು ಒಂದು ಗುಂಡಿ ಒತ್ತಿ ಸರಿಮಾಡಿದಳು, ಕನ್ನಡಕ ತೆಗೆದು ಬಟ್ಟೆಯಿಂದ ಒರೆಸಿ ಇಟ್ಟಳು, ತನ್ನ ಜಾಗಕ್ಕೆ ಹೋದಳು. ಎಲ್ಲರೂ ಹೋದ ಮೇಲೆ ಅವನು ಯಂತ್ರದ ದಾಖಲೆ ತೆಗೆದು ನೋಡಿದ. ಡ್ರೈವರ್ ಬದಲಾದದ್ದು ಹತ್ತೊಂಬತ್ತು ದಿನದ ಹಿಂದೆ. ಹತ್ತೊಂಬತ್ತು ದಿನ ಹಳ್ಳಗಳು ಗೋಡೆಗಳಾಗಿ ನಿಂತ ಪರದೆಯ ಮುಂದೆ ಅವನು ಕನ್ನಡಕ ಹಾಕಿಕೊಂಡು ಕೂತಿದ್ದ. ಎರಡು ಕಣ್ಣಿರುವ ಯಾರಿಗಾದರೂ ಎರಡು ಕ್ಷಣದಲ್ಲಿ ತಲೆ ಸುತ್ತುತ್ತಿತ್ತು. ಫೋತಿನಿಯೂ ತೆಗೆದು ನೋಡಿದ್ದಳೇ? ಅಂದಿನಿಂದ ಅವಳು ಅವನಿಗೆ ಕಾಫಿ ಕೊಡುವಾಗ ಬಟ್ಟಲನ್ನು ಕೈಗೆ ಕೊಡದೆ ಮೇಜಿನ ಮೇಲಿಡುತ್ತಿದ್ದಳು.

ಏಪ್ರಿಲ್ ಕೊನೆಯಲ್ಲಿ ಹಳೆಯ ಯಂತ್ರದ ಮದರ್‌ಬೋರ್ಡ್ ಸುಟ್ಟುಹೋಯಿತು. ಕಚೇರಿಯ ಒಡತಿ ಎವಾಂಥಿಯಾ ತಲೆಯ ಮೇಲೆ ಕೈ ಹೊತ್ತು ಕೂತಳು. ಸ್ತಾಥಿಸನಿಗೆ ಅವತ್ತು ರಾತ್ರಿ ನಾಲ್ಕು ತಿಂಗಳಲ್ಲಿ ಮೊದಲ ಸಲ ಒಳ್ಳೆಯ ನಿದ್ದೆ ಬಂತು. "ನೀನು ಕೂರೋ ಯಂತ್ರ, ನೀನೇ ಆರಿಸು," ಎಂದಿದ್ದಳು ಅವಳು. ಸಾಧಾರಣ ಮಾನಿಟರ್ ಬರೆದರೆ ಮುಗಿಯಿತು. ಈಗ ಎಲ್ಲರೂ ಚಪ್ಪಟೆ ಪರದೆಯಲ್ಲೇ ನೋಡುತ್ತಾರೆ, ಎತ್ತರವನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ ಎಂದು ಅವನು ಹೇಳಿದರೆ ಅದನ್ನು ಪ್ರಶ್ನಿಸುವವರು ಆ ಊರಿನಲ್ಲೇ ಇರಲಿಲ್ಲ.

*

ಬುಧವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿತು. ಬೆಟ್ಟದ ಮೇಲಿನ ಹಳ್ಳಿಯ ರೀಗಾಸ್. ಎಂಬತ್ತಾರು ವರ್ಷ. ತಕರಾರುದಾರರು ಹೋಗಬೇಕಾದದ್ದು ಸಮಿತಿಯ ಮುಂದೆ, ಇಲ್ಲಿಗಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿತ್ತು. ರೀಗಾಸ್ ಅದನ್ನು ಓದಿಯೇ ಒಳಗೆ ಬಂದ.

"ನನ್ನ ಹೊಲ ಕಾಡು ಅಂತ ಬರೆದೋನು ಯಾರು?" ಎಂದ.

"ಕೂತ್ಕೊಳ್ಳಿ, ಬಾರ್ಬಾ," ಎಂದು ಫೋತಿನಿ ಕುರ್ಚಿ ಎಳೆದಳು. ಹಿರಿಯರನ್ನು ಆ ಕಡೆ ಹಾಗೆಯೇ ಕರೆಯುವುದು.

"ಕೂರಕ್ಕೆ ಬಂದಿಲ್ಲ ಮಗಾ. ಬಸ್ಸು ಹನ್ನೆರಡೂವರೆಗೆ ಐತೆ." ಆದರೂ ಕೂತ. "ಯಾರು ಬರೆದಿದ್ದು?"

"ನಾನು," ಎಂದ ಸ್ತಾಥಿಸ್.

ರೀಗಾಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೀನು ನೋಡಿದ್ಯಾ?"

"ಚಿತ್ರದಲ್ಲಿ ನೋಡಿದೀನಿ."

"ನಾನು ಆ ಚಿತ್ರದೊಳಗಿದ್ದೆ ಕಣಪ್ಪ. ಏಳು ವರ್ಷ ನನಗೆ. ವಿಮಾನ ಬಂತು, ಬೆಳಿಗ್ಗೆ. ಅವ್ವ ನನ್ನ ತಲೆ ಹಿಡಿದು ಸಾಲಿನೊಳಗೆ ಅದುಮಿದಳು. ಯುದ್ಧ ಮುಗಿದಿತ್ತು, ಆದರೆ ಅವಳಿಗೆ ಯಾರು ಹೇಳಿದ್ರು? ಬಾಯಿ ತುಂಬ ಮಣ್ಣು. ಆಲೂಗೆಡ್ಡೆ ಗಿಡ ಮೂಗಿಗೆ ಚುಚ್ತಿತ್ತು. ಇಷ್ಟೇ ಎತ್ತರ." ಅಂಗೈಯನ್ನು ತನ್ನ ಮೊಣಕಾಲಿನ ಮಟ್ಟಕ್ಕೆ ಹಿಡಿದು ತೋರಿಸಿದ. "ಇಷ್ಟು ಎತ್ತರದ ಕಾಡು ಎಲ್ಲಾದರೂ ನೋಡಿದ್ಯಾ ನೀನು? ಮೊಲಕ್ಕೂ ನೆರಳಾಗಲ್ಲ."

ಫೋತಿನಿ ನಕ್ಕಳು. ರೀಗಾಸ್ ನಗಲಿಲ್ಲ. "ಮೊಮ್ಮಗಳು ಬಂದು ಸೇಬು ಹಾಕ್ತೀನಿ ಅಂತಾಳೆ. ಅವಳ ಹೆಸರಿಗೆ ಬರೆಯೋಣ ಅಂತ ಹೋದರೆ, ಅಜ್ಜ, ಇದು ನಿಂದಲ್ಲ, ಕಾಡಿಂದು ಅಂದ್ರು. ಅಪ್ಪ ಕಲ್ಲು ಹೊತ್ತು ಕಟ್ಟಿದ ಕಟ್ಟೆ. ಕಾಡು ಕಟ್ಟೆ ಕಟ್ತದಾ?"

"ಸಮಿತಿಯಲ್ಲಿ ಮತ್ತೆ ನೋಡ್ತಾರೆ," ಎಂದ ಸ್ತಾಥಿಸ್.

"ಸಮಿತೀಲಿ ಯಾರು ನೋಡ್ತಾರೆ? ನಿನ್ನ ಕಾಗದ ನೋಡ್ತಾರೆ. ನೀನು ನೋಡು." ಊರುಗೋಲು ಊರಿ ಎದ್ದ. ಬಾಗಿಲ ಬಳಿ ನಿಂತು, "ನಂಗೆ ಸುಳ್ಳು ಬರೆದುಕೊಡಬೇಡ. ಮೇಲ್ಗಡೆ ಒಂದಿಷ್ಟು ಪಾಳು ಬಿದ್ದಿತ್ತು, ಅಪ್ಪ ತೀರಿಕೊಂಡ ಮೇಲೆ ಅವ್ವನ ಕೈಲಿ ಆಗ್ತಿರಲಿಲ್ಲ. ಅದು ಕಾಡಾದರೆ ಕಾಡು ಅನ್ನು. ಆದರೆ ನೋಡಿ ಅನ್ನು," ಎಂದು ಹೇಳಿ ಮೆಟ್ಟಿಲಿಳಿದ.

ಅವನು ಹೋದ ಮೇಲೆ ಸ್ತಾಥಿಸ್ ಫೋತಿನಿಯ ಯಂತ್ರದಲ್ಲಿ ಆ ಚಿತ್ರ ತೆರೆಸಿದ. ಚಪ್ಪಟೆ ಪರದೆ, ಒಂದೇ ಚಿತ್ರ. ಬೆಟ್ಟದ ನೆರಳು ಇಳಿಜಾರಿನ ಮೇಲೆ ಪೂರ್ತಿ ಬಿದ್ದಿತ್ತು. ಬೆಳಗಿನ ಹೊತ್ತು, ಪಶ್ಚಿಮಕ್ಕೆ ಮುಖ ಮಾಡಿದ ನೆಲ. ನೆರಳಿನೊಳಗೆ ನೆರಳಿಲ್ಲ, ಹಾಗಾಗಿ ಯಾವುದರ ಉದ್ದವನ್ನೂ ಅಳೆಯುವಂತಿರಲಿಲ್ಲ. ಕಪ್ಪು, ಒರಟು ಕಲೆ. ಎರಡಾಳೆತ್ತರದ ಪೊದೆಯಾಗಿರಬಹುದು, ಮೊಣಕಾಲೆತ್ತರದ ಆಲೂಗೆಡ್ಡೆಯಾಗಿರಬಹುದು. ಫೆಬ್ರುವರಿಯಲ್ಲಿ ಅವನು "ದಟ್ಟ ಪೊದೆ, ಅರಣ್ಯ" ಎಂದು ಬರೆದು ಸಹಿ ಮಾಡಿದ್ದ. ಬರೆದ ಕ್ಷಣ ನೆನಪಿಗೆ ಬರಲಿಲ್ಲ. ಅಂಥವು ಆ ದಿನ ಹದಿನಾಲ್ಕು ಇದ್ದವು.

"ತಂತ್ರಾಂಶ ಲೆಕ್ಕ ಹಾಕಿದ ಎತ್ತರ ಏನನ್ನುತ್ತೆ?" ಎಂದು ಕೇಳಿದ.

ಫೋತಿನಿ ಎರಡು ಗುಂಡಿ ಒತ್ತಿದಳು. ಬಣ್ಣ ಬಣ್ಣದ ಮೇಲ್ಮೈ ಬಂತು. ನೆರಳಿದ್ದ ಕಡೆಯೆಲ್ಲ ಅದು ಬಿಸಿಲಿಗಿಟ್ಟ ಬೆಣ್ಣೆಯಂತೆ ನುಣ್ಣಗೆ ಇಳಿದಿತ್ತು. "ನೆರಳಲ್ಲಿ ಅದಕ್ಕೆ ಹೊಂದಿಸೋಕಾಗಲ್ಲ," ಎಂದಳು. "ಕಣ್ಣಲ್ಲೇ ನೋಡ್ಬೇಕು. ಜೋಡಿ ಪರದೆ ಇದ್ದಿದ್ರೆ..." ಅಲ್ಲಿಗೇ ನಿಲ್ಲಿಸಿದಳು.

ಕೆಳಗೆ ಔಷಧಿ ಅಂಗಡಿಯವನು ಷಟರ್ ಎಳೆಯುವ ಸದ್ದು ಬಂತು. ಫೋತಿನಿ ಪರದೆಯನ್ನೇ ನೋಡುತ್ತಿದ್ದಳು. ಅವಳು ಕೇಳಬಹುದಿತ್ತು, ಎರಡು ತಿಂಗಳಿಂದ ಕೇಳಬಹುದಿತ್ತು. ಅವಳ ಸುಮ್ಮನಿರುವಿಕೆಯಲ್ಲಿ ಕರುಣೆ ಇದೆಯೆಂದು ಅವನಿಗೆ ಹೊಳೆದು, ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಹೇಳಿಬಿಟ್ಟರೆ ನಾಳೆಯಿಂದ ಈ ಕಚೇರಿಯಲ್ಲಿ ತಾನು ಯಾರು? ಐವತ್ತೆಂಟು ವರ್ಷದ, ಬೇರೆ ಯಾವ ಕೆಲಸವನ್ನೂ ಕಲಿಯದ ಒಬ್ಬ ಮನುಷ್ಯ. ಹೇಳದಿದ್ದರೆ ಹೊಸ ಯಂತ್ರ ಬರುತ್ತದೆ, ಚುರುಕಾದದ್ದು. ಅದರಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಆಗ ಎಲ್ಲರೂ ಅವನಂತೆಯೇ.

*

ಗುರುವಾರ ಅವನು ಎವಾಂಥಿಯಾಳ ಕೋಣೆಗೆ ಹೋಗಿ ಪಟ್ಟಿಯನ್ನು ಅವಳ ಮುಂದಿಟ್ಟ. ಇಬ್ಬರೂ ಥೆಸಲೊನೀಕಿಯಲ್ಲಿ ಒಟ್ಟಿಗೆ ಓದಿದವರು. ಅವಳು ಕನ್ನಡಕವನ್ನು ಹಣೆಗೇರಿಸಿ ಓದತೊಡಗಿದಳು.

"ಪ್ರೊಸೆಸರ್ ಸರಿ. ಮೆಮೊರಿ ಅರವತ್ನಾಲ್ಕು ಇತ್ತಲ್ಲ, ಮೂವತ್ತೆರಡು ಮಾಡಿದೀಯಾ?"

"ಸದ್ಯಕ್ಕೆ ಸಾಕು. ಆಮೇಲೆ ಸೇರಿಸ್ಬಹುದು. ಅದರಲ್ಲಿ ಉಳಿದ ದುಡ್ಡು ಪರದೆಗೆ ಬೇಕು."

"ಜೋಡಿ ಪರದೆ," ಎಂದು ಓದಿದಳು. "ಅದಕ್ಕೆ ತಕ್ಕ ಕಾರ್ಡು. ಎತ್ತರ ಅಳೆಯೋ ಕೈಚಕ್ರ. ಮೊನ್ನೆ ಸಾಧಾರಣ ಮಾನಿಟರ್ ಸಾಕು ಅಂತಿದ್ದೆ. ಮಾಂಥೋಸ್ ತಲೆ ಕೆಡ್ಸಿದ್ನಾ?"

"ಇಲ್ಲ. ಅದಿಲ್ಲದೆ ಆಗಲ್ಲ. ರೀಗಾಸನ ನೆಲ ನೋಡು, ಯಾವ ಲೆಕ್ಕಕ್ಕೂ ಸಿಗಲ್ಲ."

"ಸರಿ ಬಿಡು, ನಿನ್ನ ಕಣ್ಣು, ನಿನ್ನ ಪರದೆ." ಪೆನ್ನು ಹುಡುಕುತ್ತಾ ಕೊನೆಯ ಸಾಲಿಗೆ ಬಂದಳು. "ಕನ್ನಡಕ, ಒಂದು. ಒಂದೇ ಯಾಕೋ? ಯಾವಾಗಲೂ ಎರಡು ತರಿಸ್ತೀವಲ್ಲ, ನಿಂಗೊಂದು, ಪಕ್ಕದಲ್ಲಿ ಕೂತು ನೋಡೋರಿಗೊಂದು."

"ಒಂದು ಸಾಕು. ಫೋತಿನಿಗೆ."

"ನಿಂಗೆ?"

"ನಂಗೆ ಬೇಡ."

ಎವಾಂಥಿಯಾ ಪೆನ್ನು ಹುಡುಕುವುದನ್ನು ನಿಲ್ಲಿಸಿದಳು. ಅವನ ಮುಖ ನೋಡಿದಳು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಎರಡೂ ಒಂದೇ ಥರ ಕಾಣುತ್ತಿದ್ದವು. ಹಾಗೆ ನೋಡಿದರೆ ಯಾರಿಗೂ ಗೊತ್ತಾಗುವಂಥದ್ದಲ್ಲ ಅದು.

"ಯಾವಾಗಿಂದ?"

"ಜನವರಿ."

"ಜನವರಿ." ಅವಳು ಎದ್ದು ಬಾಗಿಲು ಮುಚ್ಚಿ ಬಂದು, ಕೂರದೆ ನಿಂತಳು. "ಆಮೇಲೆ ಎಷ್ಟಕ್ಕೆ ಸಹಿ ಹಾಕಿದೀಯಾ?"

"ಇನ್ನೂರ ಹನ್ನೊಂದು. ಇದರ ಹಿಂದೆ ಬರೆದಿದೀನಿ, ನಂಬರ್ ಸಮೇತ. ಅರ್ಧಕ್ಕಿಂತ ಹೆಚ್ಚು ಸರಿಯೇ ಇರುತ್ತೆ. ಆದ್ರೆ ಯಾವ ಅರ್ಧ ಅಂತ ನಂಗೆ ಗೊತ್ತಿಲ್ಲ."

ಅವಳು ಪಟ್ಟಿಯನ್ನು ತಿರುಗಿಸಿದಳು. ಸಣ್ಣ ಅಂದವಾದ ಅಂಕಿಗಳು, ನಾಲ್ಕು ಕಂಬಸಾಲು. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು.

"ನಂಗೆ ಹೇಳ್ಬೇಕಿತ್ತು ಕಣೋ," ಎಂದಳು. ಧ್ವನಿಯಲ್ಲಿ ಸಿಟ್ಟಿತ್ತು. ಅದು ಮುಂದುವರಿಯಲೆಂದು ಅವನು ಕಾದ. ಮುಂದುವರಿಯಲಿಲ್ಲ. "ಸಮಿತಿಗೆ ನಾನು ಪತ್ರ ಬರೀಬೇಕಾಗುತ್ತೆ. ವಾಪಸ್ ತಗೊಳ್ತೀವಿ ಅಂತ. ಕಾರಣ ಕೇಳ್ತಾರೆ."

"ಬರಿ."

"ನಿನ್ನ ಹೆಸರು ಹಾಕಿ ಬರೀಬೇಕು ಸ್ತಾಥಿ."

"ಹಾಕು."

"ಇನ್ಮುಂದೆ ಸಹಿ..."

"ಗೊತ್ತು."

ಹೊರಗೆ ದ್ವೀಪಕ್ಕೆ ಹೋಗುವ ಹಡಗು ಕೂಗಿತು. ಎವಾಂಥಿಯಾ ಪಟ್ಟಿಯ ಕೆಳಗೆ ತನ್ನ ಸಹಿ ಹಾಕಿದಳು. ಕೊಡುವ ಮುನ್ನ ಏನೋ ನೆನಪಾಗಿ "ಆ ಕಣ್ಣು ನೋಯುತ್ತಾ?" ಎಂದು ಕೇಳಿದಳು.

"ಇಲ್ಲ," ಎಂದ. "ನೋಯಲ್ಲ."

*

ಲಾರಿಸಾದಿಂದ ಪೆಟ್ಟಿಗೆ ಬರಲು ಹನ್ನೆರಡು ದಿನ ಹಿಡಿಯಿತು. ಮಾಂಥೋಸ್ ತಾನೇ ಹೊತ್ತು ತಂದ, ಎರಡು ಮಹಡಿ ಏರುವಷ್ಟರಲ್ಲಿ ಮೂರು ಸಲ ದೇವರನ್ನೂ ಎರಡು ಸಲ ಸ್ತಾಥಿಸನನ್ನೂ ಬೈದ. ಪರದೆಗಳನ್ನು ಕಂಬಕ್ಕೆ ಬಿಗಿದ, ನಡುವಿನ ಕನ್ನಡಿಯನ್ನು ಹತ್ತಿಬಟ್ಟೆಯಿಂದ ಒರೆಸಿದ, ತಂತಿ ಜೋಡಿಸಿದ.

"ಕನ್ನಡಿಯ ಎತ್ತರ ಯಾರ ಲೆಕ್ಕಕ್ಕೆ ಇಡ್ಲಿ? ಕೂತ್ಕೋ ಸ್ತಾಥಿ, ನಿನ್ನ ಅಳತೆ ತಗೊಳ್ತೀನಿ."

"ಅವಳದ್ದು ತಗೋ," ಎಂದ ಸ್ತಾಥಿಸ್.

ಮಾಂಥೋಸ್ ಇಬ್ಬರನ್ನೂ ನೋಡಿ ತಿರುಪುಳಿ ಹಿಡಿದುಕೊಂಡು ಬಾಗಿದ. ಫೋತಿನಿ ಕೂತಳು. ಅವಳು ಕುಳ್ಳಿ, ಕನ್ನಡಿ ನಾಲ್ಕು ಬೆರಳು ಕೆಳಗಿಳಿಯಿತು. ಮಾಂಥೋಸ್ ಹೋದ ಮೇಲೆ ಸ್ತಾಥಿಸ್ ತನ್ನ ಕುರ್ಚಿಯನ್ನು ಅವಳ ಬಲಪಕ್ಕಕ್ಕೆ ಎಳೆದುಕೊಂಡ. ಹಾಗೆ ಕೂತರೆ ಎಡಗಣ್ಣು ಅವಳ ಕಡೆಗೂ ಪರದೆಯ ಕಡೆಗೂ ಇರುತ್ತಿತ್ತು. ತೊಡೆಯ ಮೇಲೆ ನೋಟುಪುಸ್ತಕ.

"ಮೊದಲು ಯಾವುದು?" ಎಂದು ಕೇಳಿದಳು.

"ಕ್ರಮದಲ್ಲೇ ಹೋಗೋಣ. ಇಲ್ಲ, ಬೇಡ. ರೀಗಾಸನದ್ದು ತೆಗಿ."

ಅವಳು ಕನ್ನಡಕ ಹಾಕಿಕೊಂಡಳು. ಕೈಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಅವನು ಅವಸರ ಮಾಡಲಿಲ್ಲ. ನೆರಳಿಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಕಟ್ಟೆ ಇದೆ," ಎಂದಳು ಕೊನೆಗೆ. "ಮೆಟ್ಟಿಲು ಮೆಟ್ಟಿಲಾಗಿ."

"ಎಷ್ಟು? ಅವಸರ ಬೇಡ. ಕೆಳಗಿನಿಂದ ಎಣಿಸು. ಕಟ್ಟೆಯ ಅಂಚಿನ ಮೇಲೆ ಚುಕ್ಕಿ ಇಡು, ಆಮೇಲೆ ಅದರ ಹಿಂದಿನ ನೆಲದ ಮೇಲೆ. ಚುಕ್ಕಿ ತೇಲಬಾರದು, ಮುಳುಗಲೂಬಾರದು. ಕೂತ್ಕೋಬೇಕು, ನೊಣ ಕೂತ ಹಾಗೆ."

"ಒಂದು. ಚಪ್ಪಟೆ, ಅರ್ಧ ಮೀಟರೂ ಇಲ್ಲ. ಎರಡು, ಹಾಗೇ. ಮೂರು... ನಾಲ್ಕು. ಐದೂ ಚಪ್ಪಟೆನೇ. ಆರು..." ಅವಳ ಕೈ ನಿಂತಿತು. "ಆರರಲ್ಲಿ ಎತ್ತರ ಬಂತು. ಎರಡೂವರೆ. ಏಳರಲ್ಲಿ ಮೂರಕ್ಕೂ ಹೆಚ್ಚು. ಕಟ್ಟೆಯ ಅಂಚೇ ಕಾಣ್ತಿಲ್ಲ, ಪೊದೆ ಮುಚ್ಚಿದೆ."

ಸ್ತಾಥಿಸ್ ಬರೆದುಕೊಂಡ. ಐದು ಕಟ್ಟೆ, ಹೊಲ. ಎರಡು, ಪಾಳು. "ಮತ್ತೊಂದು ಸಲ ಆರು ನೋಡು," ಎಂದ. ಅವಳು ನೋಡಿದಳು. ಅದೇ ಬಂತು.

"ಸರಿ. ಕಾಡಿನ ಅಂಚಿನ ಹಸಿರು ಗೆರೆ ಹಿಡಿ. ಐದರ ಹಿಂಬದಿಯ ಬುಡಕ್ಕೆ ತಾ."

ಅವನು ಪರದೆಯ ಕಡೆ ನೋಡಿದ. ಕನ್ನಡಕವಿಲ್ಲದ ಕಣ್ಣಿಗೆ ಅಲ್ಲಿ ಎರಡು ಚಿತ್ರಗಳು ಒಂದರ ಮೇಲೊಂದು ಬಿದ್ದಿದ್ದವು. ಪ್ರತಿ ಗುಡ್ಡಕ್ಕೂ ಇನ್ನೊಂದು ಗುಡ್ಡ, ಪ್ರತಿ ದಾರಿಗೂ ಪಕ್ಕದಲ್ಲಿ ಇನ್ನೊಂದು ದಾರಿ. ಕಾಡಿನ ಅಂಚಿನ ಹಸಿರು ಗೆರೆಯೂ ಎರಡಾಗಿತ್ತು. ಫೋತಿನಿಯ ಕೈ ತಿರುಗಿದಂತೆ ಆ ಎರಡೂ ಗೆರೆಗಳು ಒಟ್ಟಿಗೆ, ನೆರಳಿನೊಳಗೆ, ಒಂದೊಂದೇ ಕಟ್ಟೆ ಹತ್ತುತ್ತಾ ಮೇಲಕ್ಕೆ ಸರಿಯತೊಡಗಿದವು.